ಹೊಸದಾಗಿ ಬಂದವರಿಗೆ ಚರ್ಚು ‘ನಮ್ಮದು’ ಅನ್ನಿಸ್ಬೇಕಾದ್ರೆ ಏನೇನು ಆಗ್ಬೇಕು? (ಶಿವಮೊಗ್ಗ, ಮಲೆನಾಡು ಕಡೆಯವರು ಹೇಳಿ)

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದ (ಪ್ಯಾರಿಷ್, ಅಂದ್ರೆ ಒಂದು ಚರ್ಚಿನ ವ್ಯಾಪ್ತಿ) ಪಾಲನಾ ಪರಿಷತ್ತು ಹೊಸಬರ ವಿಷಯದಲ್ಲಿ ಒಂದು ಕ್ರಮ ಹಾಕ್ಕೊಳ್ಳೋಣ ಅಂತ ಹೊರಟಿದೆ. ವರ್ಗವಾಗಿ ಬಂದ ನೌಕರರು, ನರ್ಸಿಂಗ್ ಓದೋ ಹುಡುಗೀರು, ತೋಟದ ಲೈನಿಗೆ (ಸಾಲುಮನೆಗೆ) ಬಂದ ಕಾರ್ಮಿಕರು, ಮದುವೆಯಾಗಿ ಬಂದ ಸೊಸೆಯಂದಿರು, ಬೇರೆ ಸಭೆಯಿಂದ ಬಂದವರು, ಎಲ್ಲಾ ಥರದವರೂ ಇದ್ದಾರೆ. ಭಾನುವಾರ ಪೂಜೆಗೆ ಬರ್ತಾರೆ, ಹಿಂದಿನ ಬೆಂಚಲ್ಲಿ ಕೂರ್ತಾರೆ, ಕೊನೇ ಗೀತೆ ಮುಗಿಯೋ ಮೊದ್ಲೇ ಎದ್ದು ಹೋಗ್ತಾರೆ. ವರ್ಷ ಕಳೆದ್ರೂ ಅವರ ಹೆಸರು ಯಾರಿಗೂ ಗೊತ್ತಿರಲ್ಲ. ಆಮೇಲೆ ಒಂದಿನ ಬರೋದೇ ನಿಲ್ಲುತ್ತೆ.

‘ಪ್ರೀತಿಯಿಂದ ಮಾತಾಡಿಸಿ’ ಅನ್ನೋದು ಎಲ್ಲರಿಗೂ ಗೊತ್ತು. ನನಗೆ ಬೇಕಿರೋದು ಕೆಲಸಕ್ಕೆ ಬರೋ ವಿವರ. ಮೊದಲ ವಾರ ಏನು, ಮೊದಲ ಮೂರು ತಿಂಗಳಲ್ಲಿ ಏನು, ಯಾವ ಕಾಗದ, ಯಾರ ಜವಾಬ್ದಾರಿ, ಎಲ್ಲಿ ಎಡವುತ್ತೇವೆ? ಕಥೋಲಿಕರು, ಸಿ.ಎಸ್.ಐ.ನವರು (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟ್ ಸಭೆ), ಯಾರಾದ್ರೂ ಹೇಳಬಹುದು.

ಗಂಟೆಗೋಪುರ
ಮೊದಲು ದಾಖಲೆ. ಕುಟುಂಬದ ಹೆಸರು ಧರ್ಮಕೇಂದ್ರದ ಪುಸ್ತಕದಲ್ಲಿ ಇಲ್ಲ ಅಂದ್ರೆ ನೀವು ಎಷ್ಟು ನಗುನಗುತ್ತಾ ಮಾತಾಡಿಸಿದ್ರೂ ಅವರು ಅತಿಥಿಗಳೇ.

ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಕಥೋಲಿಕರ 1983ರ ಧರ್ಮಸಭಾ ಕಾನೂನಿನ 102ನೇ ವಿಧಿ ಪ್ರಕಾರ ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಖಾಯಂ ಇರೋ ಉದ್ದೇಶದಿಂದ ಬಂದು ನೆಲೆಸಿದ ದಿನದಿಂದಲೇ ಅದು ಅವರ ವಾಸಸ್ಥಾನ. ಉದ್ದೇಶ ಇಲ್ಲದಿದ್ರೂ ಐದು ವರ್ಷ ತುಂಬಿದ್ರೆ ತಾನಾಗಿಯೇ ಆಗುತ್ತೆ. ಮೂರು ತಿಂಗಳಾದ್ರೂ ಇರ್ತೀನಿ ಅಂತ ಬಂದವರಿಗೆ ಅರೆ-ವಾಸಸ್ಥಾನ. ಇವೆರಡರಲ್ಲಿ ಯಾವುದಿದ್ರೂ 107ನೇ ವಿಧಿ ಪ್ರಕಾರ ಅಲ್ಲಿನ ಫಾದರ್ ಅವರ ಸ್ವಂತ ಧರ್ಮಗುರು. ಅಂದ್ರೆ ಆರು ತಿಂಗಳ ಕೋರ್ಸಿಗೆ ಬಂದ ಹುಡುಗಿಯೂ ನಿಮ್ಮವಳೇ. ‘ನಿಮ್ಮ ಊರಿನ ಫಾದರ್ ಹತ್ರ ಕೇಳಿ’ ಅಂತ ಅವಳನ್ನ ವಾಪಸ್ ಕಳಿಸೋ ಹಾಗಿಲ್ಲ.

ಕಾಗದ ಇಷ್ಟು ಸಾಕು: ಜ್ಞಾನಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ, ಮದುವೆ ಆಗಿದ್ರೆ ಚರ್ಚಿನ ಮದುವೆ ಪತ್ರ, ಹಿಂದಿನ ಧರ್ಮಕೇಂದ್ರದ ಒಂದು ಪತ್ರ. ಕೊನೆಯದು ಇಲ್ಲದಿದ್ರೂ ಹೆಸರು ಬರೆದುಕೊಳ್ಳಿ, ಪತ್ರ ಆಮೇಲೆ ಬರಲಿ.

ಕೊಪ್ಪದ_ಕಾಫಿ
ಒಪ್ಪಲ್ಲ ಮಾರಾಯ್ರೆ. ಪೂಜೆ ಮುಗಿದು ಹೊರಗೆ ಬಂದವರ ಕೈಗೆ ಮೊದಲ ದಿನವೇ ಫಾರಂ ಕೊಟ್ರೆ ಅರ್ಧ ಜನ ಮುಂದಿನ ವಾರ ಬರಲ್ಲ. ಎಷ್ಟೋ ಜನರ ಹತ್ರ ಕಾಗದ ಇರಲ್ಲ, ಇದ್ರೂ ಹೆಸರು ಹೊಂದಲ್ಲ, ಕೆಲವರ ಮದುವೆ ಚರ್ಚಲ್ಲಿ ಆಗಿರಲ್ಲ. ಅವರಿಗೆ ಫಾರಂ ಅಂದ್ರೆ ವಿಚಾರಣೆ. ಮೊದಲು ಕಾಫಿ ಕೊಡಿ, ಎಲ್ಲಿಂದ ಬಂದ್ರಿ ಅಂತ ಕೇಳಿ, ಮನೆ ಎಲ್ಲಿ ಅಂತ ತಿಳ್ಕೊಳ್ಳಿ. ಫೋನ್ ನಂಬರ್ ಸಿಕ್ರೆ ಅಷ್ಟೇ ಸಾಕು ಮೊದಲ ದಿನಕ್ಕೆ.

ಸಾಗರದ_ಸೊಸೆ
ಕಾಫಿ ಸರಿ. ಆದ್ರೆ ಕಾಫಿ ಕೊಡೋರು ತಮ್ಮತಮ್ಮಲ್ಲೇ ಮಾತಾಡ್ತಾ ನಿಂತಿರ್ತಾರೆ, ಅದನ್ನ ಸರಿ ಮಾಡಿ ಮೊದ್ಲು.

ಗಂಟೆಗೋಪುರ
@ಕೊಪ್ಪದ_ಕಾಫಿ ಫಾರಂ ಮೊದಲ ದಿನವೇ ಕೊಡಿ ಅಂತ ನಾನು ಹೇಳಿಲ್ಲ. ಆದ್ರೆ ಮುಂದಕ್ಕೆ ಹಾಕ್ತಾ ಹೋದ್ರೆ ಏನಾಗುತ್ತೆ ಕೇಳಿ. ಮಗಳ ಮದುವೆ ಗೊತ್ತಾಗಿ ಕಲ್ಯಾಣ ಮಂಟಪ ಬುಕ್ ಆದ್ಮೇಲೆ ಓಡಿ ಬರ್ತಾರೆ. ಮದುವೆಗೆ ಆರು ತಿಂಗಳೊಳಗೆ ತೆಗೆಸಿದ ಹೊಸ ಜ್ಞಾನಸ್ನಾನ ಪತ್ರ ಬೇಕು. ಪೆಟ್ಟಿಗೆಯಲ್ಲಿರೋ ಹಳೇ ಪ್ರತಿ ನಡೆಯಲ್ಲ, ಯಾಕಂದ್ರೆ ದೃಢೀಕರಣ (ಜ್ಞಾನಸ್ನಾನದ ನಂತರದ ಇನ್ನೊಂದು ಸಂಸ್ಕಾರ), ಮದುವೆ ಎಲ್ಲವನ್ನೂ ಆ ಮೂಲ ರಿಜಿಸ್ಟರಿನ ಅಂಚಿನಲ್ಲೇ ಬರೀತಾರೆ. ಅಂಚಿನಲ್ಲಿ ಮದುವೆ ಬರೆದಿಲ್ಲ ಅಂದ್ರೆ ಆ ವ್ಯಕ್ತಿ ಮದುವೆಗೆ ಮುಕ್ತ ಅಂತ ಗೊತ್ತಾಗೋದು. ಜ್ಞಾನಸ್ನಾನ ಆಗಿದ್ದು ದೂರದ ಊರಲ್ಲಿ, ಅಲ್ಲಿಂದ ಪತ್ರ ಬರೋಕೆ ವಾರಗಟ್ಟಲೆ, ಇಲ್ಲಿ ಮೂರು ಭಾನುವಾರ ಮದುವೆ ಪ್ರಕಟಣೆ ಓದಬೇಕು. ಆಗ ‘ಚರ್ಚಿನವರು ಸತಾಯಿಸ್ತಾರೆ’ ಅಂತ ಕೋಪ. ಸಾವಿನ ಮನೆಯಲ್ಲಂತೂ ಇನ್ನೂ ಕಷ್ಟ. ಸಿಮಿತ್ರಿಯಲ್ಲಿ (ಚರ್ಚಿನ ಸ್ಮಶಾನ) ಗುಂಡಿ ತೋಡಿಸೋಕೆ ಯಾರಿಗೆ ಹೇಳ್ಬೇಕು ಅಂತಲೂ ಗೊತ್ತಿರಲ್ಲ, ಪರಿಷತ್ತಿನವರು ‘ಇವರು ಯಾರು?’ ಅಂತ ಮುಖ ಮುಖ ನೋಡ್ಕೊಳ್ತಾರೆ. ದುಃಖದಲ್ಲಿರೋ ಮನೆಯವರು ಆ ನೋಟವನ್ನ ಜೀವಮಾನ ಮರೆಯಲ್ಲ.

ಹೆಸರಿನ ವಿಷಯಕ್ಕೂ ದಾರಿ ಇದೆ. ಆಧಾರ್‌ನಲ್ಲಿ ಒಂದು ಹೆಸರು, ಜ್ಞಾನಸ್ನಾನದಲ್ಲಿ ಇನ್ನೊಂದು ಅನ್ನೋದು ಸಾಮಾನ್ಯ. ರಿಜಿಸ್ಟರಿನಲ್ಲಿ ತಿದ್ದಿ ಬರೆಯೋ ಹಾಗಿಲ್ಲ. ಶಾಲೆ ದಾಖಲೆ, ಆಧಾರ್ ಪ್ರತಿ ಇಟ್ಟು ಅರ್ಜಿ ಕೊಟ್ರೆ ಧರ್ಮಾಧ್ಯಕ್ಷರ (ಬಿಷಪ್) ಕಚೇರಿಯ ಅನುಮತಿ ಮೇಲೆ ಅಂಚಿನಲ್ಲಿ ಟಿಪ್ಪಣಿ ಹಾಕ್ತಾರೆ.

ಕೊಪ್ಪದ_ಕಾಫಿ
ಸಾವಿನ ಮನೆ ಮಾತು ಒಪ್ಪಿದೆ. ಹಾಗಿದ್ರೆ ಹೀಗೆ ಮಾಡಿ: ಮೊದಲ ದಿನ ಹೆಸರು, ಫೋನ್, ಮನೆ ಇರೋ ಜಾಗ. ಎರಡು ವಾರದೊಳಗೆ ವಾರ್ಡಿನ (ಧರ್ಮಕೇಂದ್ರದ ಅಕ್ಕಪಕ್ಕದ ಮನೆಗಳ ಗುಂಪು) ಮುಖ್ಯಸ್ಥರಾದ ಗುರಿಕಾರರು ಮನೆಗೆ ಹೋಗಬೇಕು, ಜೊತೆಗೆ ಒಬ್ಬ ಹೆಂಗಸು ಇರಲೇಬೇಕು. ಫಾರಂ ಮನೆಯಲ್ಲಿ ಕೂತು ತುಂಬಿಸೋದು, ಚರ್ಚಿನ ಮೆಟ್ಟಿಲ ಮೇಲಲ್ಲ. ಕಾಗದ ಇಲ್ಲದಿದ್ರೆ ಆ ಕಾಲಂ ಖಾಲಿ ಬಿಟ್ಟು, ಯಾವ ಊರಿನ ಚರ್ಚಿಗೆ ಬರೀಬೇಕು ಅಂತಷ್ಟೇ ಕೇಳ್ಕೊಳ್ಳಿ. ಬರೆಯೋ ಕೆಲಸ ನಮ್ಮ ಕಚೇರಿಯದ್ದು, ಅವರದ್ದಲ್ಲ.

ಗಂಟೆಗೋಪುರ
ಇದು ಸರಿ.

ಭದ್ರೆಯ_ದಂಡೆ
ಭದ್ರಾವತಿ, ಎನ್.ಆರ್. ಪುರ ಕಡೆಯವರು ಒಂದು ಮಾತು ನೆನಪಿಡಿ. ಕೇರಳ ಮೂಲದ ಕುಟುಂಬ ಬಂದ್ರೆ ಅವರು ಲ್ಯಾಟಿನ್ ಸಭೆಯವರೋ ಸಿರೋ ಮಲಬಾರ್ ಸಭೆಯವರೋ ಅಂತ ಮೊದಲೇ ಕೇಳ್ಕೊಳ್ಳಿ. ಎರಡೂ ಕಥೋಲಿಕ ಸಭೆಗಳೇ, ಪೂಜಾಪದ್ಧತಿ ಮತ್ತು ಆಡಳಿತ ಬೇರೆ. ಸಿರೋ ಮಲಬಾರ್‌ನವರಿಗೆ 2007ರಲ್ಲಿ ಮಾನಂದವಾಡಿಯಿಂದ ಬೇರೆಯಾಗಿ ಭದ್ರಾವತಿ ಧರ್ಮಕ್ಷೇತ್ರ (ಒಬ್ಬ ಧರ್ಮಾಧ್ಯಕ್ಷರ ಆಡಳಿತದ ವ್ಯಾಪ್ತಿ) ಆಗಿದೆ, ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆ ಅದರ ವ್ಯಾಪ್ತಿ. ಲ್ಯಾಟಿನ್ ಕಡೆ ಶಿವಮೊಗ್ಗ ಧರ್ಮಕ್ಷೇತ್ರ 1988ರದ್ದು, ಚಿಕ್ಕಮಗಳೂರಿನದ್ದು 1963ರದ್ದು. ಹೀಗಾಗಿ ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಮನೆ ಬದಲಾಯಿಸಿದ್ರೂ ಧರ್ಮಕ್ಷೇತ್ರವೇ ಬದಲಾಗುತ್ತೆ.

ಸಿರೋ ಮಲಬಾರ್‌ನವರು ಲ್ಯಾಟಿನ್ ಚರ್ಚಿನಲ್ಲಿ ಎಷ್ಟೇ ವರ್ಷ ಪೂಜೆಗೆ ಬಂದ್ರೂ ಅವರ ಸಭೆ ಬದಲಾಗಲ್ಲ. ಭಾನುವಾರದ ಪೂಜೆ, ಪರಮಪ್ರಸಾದ (ಪೂಜೆಯಲ್ಲಿ ಸ್ವೀಕರಿಸೋ ಪವಿತ್ರ ರೊಟ್ಟಿ), ಪಾಪನಿವೇದನೆ ಎಲ್ಲಿ ಬೇಕಾದ್ರೂ ಆಗಬಹುದು. ಮದುವೆಯಲ್ಲಿ ಮಾತ್ರ ಎಚ್ಚರ. ವಧು-ವರ ಇಬ್ಬರೂ ಸಿರೋ ಮಲಬಾರ್ ಆಗಿದ್ರೆ ಲ್ಯಾಟಿನ್ ಫಾದರ್ ತಾವೇ ನಡೆಸೋಕೆ ಬರಲ್ಲ. 1109ನೇ ವಿಧಿ ಪ್ರಕಾರ ಒಬ್ಬರಾದ್ರೂ ಲ್ಯಾಟಿನ್ ಸಭೆಯವರಾಗಿರಬೇಕು. ಇದನ್ನ 2016ರ ತಿದ್ದುಪಡಿ ಇನ್ನೂ ಸ್ಪಷ್ಟ ಮಾಡಿದೆ. ಇಲ್ಲದಿದ್ರೆ ಭದ್ರಾವತಿ ಕಡೆಯಿಂದ ಅಧಿಕಾರಪತ್ರ ತರಿಸ್ಕೊಳ್ಳಬೇಕು. ಇದು ತಿಳಿಯದೆ ನಡೆದ ಮದುವೆ ಆಮೇಲೆ ಸಿಂಧುತ್ವದ ಪ್ರಶ್ನೆಗೆ ಸಿಕ್ಕಿ ಹಾಕ್ಕೊಳ್ಳುತ್ತೆ.

ತುಂಗಾತೀರ
ಒಳ್ಳೇ ಮಾಹಿತಿ. ನಮ್ಮ ಫಾರಂನಲ್ಲಿ ಈ ಕಾಲಂ ಇಲ್ಲ, ಸೇರಿಸ್ತೀನಿ. ಸಿ.ಎಸ್.ಐ. ಕಡೆ ಹೇಗೆ?

ಭಾನುವಾರದ_ಗಂಟೆ
ಸಿ.ಎಸ್.ಐ.ನಲ್ಲಿ ವರ್ಗಾವಣೆ ಪತ್ರದ ಪದ್ಧತಿ ಗಟ್ಟಿಯಾಗಿದೆ. 1947ರ ಸೆಪ್ಟೆಂಬರ್ 27ಕ್ಕೆ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಅದಾಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ಆದ ಸಭೆ ಇದು, ಹಾಗಾಗಿ ಬೇರೆ ಬೇರೆ ಸಂಪ್ರದಾಯದವರನ್ನ ಸೇರಿಸ್ಕೊಳ್ಳೋ ಅಭ್ಯಾಸ ಹುಟ್ಟಿನಿಂದಲೇ ಇದೆ. ದೀಕ್ಷಾಸ್ನಾನ (ಕಥೋಲಿಕರು ಜ್ಞಾನಸ್ನಾನ ಅನ್ನೋದು) ಆಗಿ, ದೃಢೀಕರಣವೂ ಆದ ಮೇಲೆ ಕರ್ತನ ಭೋಜನದಲ್ಲಿ ಪಾಲುಗೊಳ್ಳೋ ಪೂರ್ಣ ಸದಸ್ಯ. ಹಿಂದಿನ ಸಭಾಪಾಲಕರ ಪತ್ರದಲ್ಲಿ ಇವೆರಡೂ ದಿನಾಂಕ ಇರಬೇಕು.

ಎಡವೋದು ಎಲ್ಲಿ ಅಂದ್ರೆ ವಂತಿಗೆ. ಬಹುತೇಕ ಸಭೆಗಳಲ್ಲಿ ಮತದಾರರ ಪಟ್ಟಿಗೆ ವಂತಿಗೆ ಬಾಕಿ ಇರಬಾರದು. ಹೊಸಬರಿಗೆ ಇದನ್ನ ಯಾರೂ ಹೇಳಲ್ಲ, ಸಭಾ ಸಮಿತಿ ಚುನಾವಣೆ ದಿನ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಗೊತ್ತಾಗುತ್ತೆ. ಸದಸ್ಯತ್ವ ಬರೆಸಿದ ದಿನವೇ ಸ್ಪಷ್ಟವಾಗಿ ಹೇಳಿ, ತಿಂಗಳಿಗೆ ಇಷ್ಟು, ರಸೀದಿ ಇವರ ಹತ್ರ, ಪಟ್ಟಿ ಈ ತಿಂಗಳು ಮುಚ್ಚುತ್ತೆ ಅಂತ.

ಹೆಂಗಸರಿಗೆ ಸ್ತ್ರೀ ಸಂಘದ ವಾರದ ಕೂಟ ಭಾನುವಾರದ ಆರಾಧನೆಗಿಂತ ಬೇಗ ಹತ್ತಿರ ತರುತ್ತೆ. ಅಲ್ಲಿ ಹತ್ತು ಹದಿನೈದೇ ಜನ, ಸರದಿಯಂತೆ ಪ್ರಾರ್ಥನೆ, ಹೆಸರು ಹಿಡಿದೇ ಪ್ರಾರ್ಥಿಸೋದು. ಮನೆಯ ಕಷ್ಟ ಹೊರಬರೋದು ಅಲ್ಲೇ.

ಅಡಿಕೆ_ಗೊನೆ
ವಂತಿಗೆ ಕಥೋಲಿಕರಲ್ಲೂ ಸಮಸ್ಯೆನೇ. ‘ಬಾಕಿ ಕಟ್ಟಿದ್ರೆ ಪತ್ರ ಕೊಡ್ತೀವಿ’ ಅನ್ನೋ ಮಾತು ಕೆಲವೆಡೆ ಕೇಳಿಬರುತ್ತೆ. ಅದು ತಪ್ಪು. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪದ ಹಾಗೆ ಫಾದರ್ ನೋಡ್ಕೋಬೇಕು ಅಂತ 848ನೇ ವಿಧಿ ನೇರವಾಗಿ ಹೇಳುತ್ತೆ. ಸಕಾಲದಲ್ಲಿ, ಸರಿಯಾದ ಸಿದ್ಧತೆಯಿಂದ ಕೇಳೋರಿಗೆ ಸಂಸ್ಕಾರ ನಿರಾಕರಿಸೋ ಹಾಗಿಲ್ಲ ಅಂತ 843. ವಂತಿಗೆ ಕೇಳಿ, ಖಂಡಿತ ಕೇಳಿ, ಚರ್ಚಿನ ಕರೆಂಟ್ ಬಿಲ್ ಆಕಾಶದಿಂದ ಬರಲ್ಲ. ಆದ್ರೆ ಪತ್ರಕ್ಕೂ ಬಾಕಿಗೂ ಗಂಟು ಹಾಕಬೇಡಿ. ಕಟ್ಟೋಕೆ ಆಗದವರ ಹೆಸರನ್ನ ನೋಟಿಸ್ ಬೋರ್ಡಲ್ಲಿ ಹಾಕೋ ಪದ್ಧತಿ ಇದ್ರೆ ಇವತ್ತೇ ತೆಗೆಸಿ.

ಹಳೇ_ಬೆಂಚು
ಬೋರ್ಡಲ್ಲಿ ಹಾಕದಿದ್ರೆ ಯಾರೂ ಕಟ್ಟಲ್ಲ. ಲೆಕ್ಕ ಪಾರದರ್ಶಕ ಇರ್ಬೇಕು ಅಂತ ನೀವೇ ಹೇಳ್ತೀರಲ್ಲ?

ಅಡಿಕೆ_ಗೊನೆ
ಪಾರದರ್ಶಕ ಅಂದ್ರೆ ಚರ್ಚಿನ ಜಮಾಖರ್ಚು. ಬಡವನ ಜೇಬಿನದ್ದಲ್ಲ ಸರ್. ಹಣಕಾಸು ಸಮಿತಿ 537ನೇ ವಿಧಿ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯ. ಆ ಸಮಿತಿ ವರ್ಷಕ್ಕೊಮ್ಮೆ ಆದಾಯ, ವೆಚ್ಚ ಎರಡನ್ನೂ ಪೂಜೆಯ ಕೊನೆಗೆ ಓದಲಿ. ಹಣ ಎಲ್ಲಿ ಹೋಯ್ತು ಅಂತ ಗೊತ್ತಾದ್ರೆ ಕೊಡೋರು ಕೊಡ್ತಾರೆ.

ಸಾಗರದ_ಸೊಸೆ
ಭಾಷೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಪೂಜೆ ಕನ್ನಡದಲ್ಲಿ, ಪೂಜೆ ಮುಗಿದ ಮೇಲೆ ಅಂಗಳದ ಮಾತೆಲ್ಲ ಕೊಂಕಣಿಯಲ್ಲಿ. ಕನ್ನಡ ಮನೆಮಾತಿನವರು, ತಮಿಳಿನವರು, ಜಾರ್ಖಂಡಿನವರು ಪಕ್ಕದಲ್ಲೇ ನಿಂತಿದ್ರೂ ಹೊರಗಿನವರ ಹಾಗೆ. ಕೊಂಕಣಿ ಬೇಡ ಅಂತ ಅಲ್ಲ. ಗುಂಪಿನಲ್ಲಿ ಒಬ್ಬರಿಗೆ ಅರ್ಥ ಆಗದಿದ್ರೂ ಕನ್ನಡಕ್ಕೆ ತಿರುಗಬೇಕು. ಪರಿಷತ್ತಿನ ಸಭೆ, ವಾರ್ಡಿನ ವಾಟ್ಸಾಪ್ ಗುಂಪು, ಸೂಚನೆಗಳು ಎಲ್ಲಾ ಕನ್ನಡದಲ್ಲೇ ಇರಲಿ.

ಹಳೇ_ಬೆಂಚು
ಮನೆಮಾತು ಬಿಟ್ಟುಬಿಡಿ ಅಂದ್ರೆ ಹೇಗಮ್ಮ? ಕರಾವಳಿಯಿಂದ ಗಟ್ಟ ಹತ್ತಿ ಬಂದವರು ಈ ಚರ್ಚುಗಳನ್ನ ಕಟ್ಟಿದ್ದು, ಕೊಂಕಣಿಯಲ್ಲೇ ಜಪ ಮಾಡಿ ಕಟ್ಟಿದ್ದು.

ಸಾಗರದ_ಸೊಸೆ
ಬಿಡಿ ಅಂತ ಹೇಳ್ಲಿಲ್ಲ. ಕಟ್ಟಿದವರ ಋಣ ದೊಡ್ಡದು, ನಿಜ. ಕಟ್ಟಿದ ಮೇಲೆ ಅದು ದೇವರ ಮನೆ, ಬಂದವರೆಲ್ಲರದ್ದೂ.

ಭದ್ರೆಯ_ದಂಡೆ
ಭಾಷೆಗೆ ಒಂದು ಕೆಲಸ ಮಾಡಬಹುದು. ಎರಡನೇ ವ್ಯಾಟಿಕನ್ ಮಹಾಸಭೆ (1962-65) ಆದ ಮೇಲೆ ಪೂಜೆ ಆಡುಭಾಷೆಗೆ ಬಂತು, ಅಂದ್ರೆ ಅರ್ಥ ಆಗಲಿ ಅನ್ನೋದೇ ಉದ್ದೇಶ. ಪೂಜೆಯ ಉತ್ತರಗಳನ್ನ ಕನ್ನಡದಲ್ಲೇ, ಆದ್ರೆ ಓದೋಕೆ ಬಾರದವರಿಗೆ ತಮಿಳು, ದೇವನಾಗರಿ ಲಿಪಿಯಲ್ಲಿ ಒಂದು ಹಾಳೆಯ ಎರಡು ಬದಿಗೆ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ ಬೆಂಚಿಗೆ ಒಂದೋ ಎರಡೋ ಇಡಿ. ಲ್ಯಾಮಿನೇಟ್ ಮಾಡದ ಹಾಳೆ ಇಲ್ಲಿಯ ಜುಲೈ ತಿಂಗಳನ್ನ ದಾಟಲ್ಲ, ಬೂಸ್ಟು ಹಿಡಿಯುತ್ತೆ.

ಮಂಜಿನ_ಗುಡ್ಡ
ತೋಟದ ಕಾರ್ಮಿಕರ ವಿಷಯ ಬೇರೆಯೇ ಇದೆ. ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬಂದವರಲ್ಲಿ ಕ್ರೈಸ್ತರು ಇದ್ದಾರೆ, ಲೈನ್ ಮನೆಯಲ್ಲಿ ಶಿಲುಬೆ ಇಟ್ಕೊಂಡು ಸಂಜೆ ಜಪ ಮಾಡ್ತಾರೆ. ಚರ್ಚಿಗೆ ಯಾಕೆ ಬರಲ್ಲ? ರಜೆ ಇರೋದು ಭಾನುವಾರ ಒಂದೇ, ಸಂತೆ, ಬಟ್ಟೆ ಒಗೆಯೋದು, ಊರಿಗೆ ದುಡ್ಡು ಕಳಿಸೋದು ಎಲ್ಲಾ ಅವತ್ತೇ. ಬೆಳಗಿನ ಪೂಜೆ ಎಂಟಕ್ಕಿದ್ರೆ ತೋಟದಿಂದ ಪೇಟೆಗೆ ಬರೋ ಗಾಡಿ ಹತ್ತಕ್ಕೆ. ಪೂಜೆಯ ಹೊತ್ತನ್ನ ಗಾಡಿಯ ಹೊತ್ತಿಗೆ ಹೊಂದಿಸಿ, ತಿಂಗಳಿಗೆ ಒಂದು ಭಾನುವಾರವಾದ್ರೂ. ಕಾಫಿ ಕೊಯ್ಲಿನ ಹೊತ್ತಲ್ಲಿ, ಡಿಸೆಂಬರಿನಿಂದ ಫೆಬ್ರವರಿ ತನಕ, ಭಾನುವಾರವೂ ಕೆಲಸ ಇರುತ್ತೆ. ಆಗ ಫಾದರ್ ಸಂಜೆ ಹೊತ್ತು ಲೈನಿಗೇ ಹೋಗಿ ಪೂಜೆ ಕೊಡೋದು ಉತ್ತಮ. ತೋಟದ ಮಾಲೀಕರಿಗೆ ಮುಂಚೆಯೇ ಹೇಳಿ ಒಪ್ಪಿಗೆ ತಗೊಳ್ಳಿ, ಇಲ್ಲಾಂದ್ರೆ ತೊಂದರೆ ಆಗೋದು ಕಾರ್ಮಿಕರಿಗೆ.

ಮೇಲೆ ಹೇಳಿದ ಮೂರು ತಿಂಗಳ ನಿಯಮ ಇವರಿಗೂ ಅನ್ವಯ. ಲೈನಲ್ಲಿ ಹುಟ್ಟಿದ ಮಗುವಿನ ಜ್ಞಾನಸ್ನಾನ ಇಲ್ಲೇ ಆಗಬಹುದು, ಪತ್ರದ ಎರಡು ಪ್ರತಿ ಕೊಟ್ಟು ಕಳಿಸಿ.

ಸಾಗರದ_ಸೊಸೆ
ಮೊಂತಿ ಹಬ್ಬಕ್ಕೆ (ಸೆಪ್ಟೆಂಬರ್ 8ರ ಮಾತೆ ಮರಿಯಳ ಜನ್ಮದಿನ, ಹೊಸ ತೆನೆಯ ಹಬ್ಬ) ಇವರನ್ನೆಲ್ಲ ಕರೀರಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕೋದು, ಅದರಲ್ಲಿ ಭಾಷೆಯೇ ಬೇಡ. ಲೈನಿನ ಮಕ್ಕಳ ಕೈಗೂ ಒಂದು ಬುಟ್ಟಿ ಕೊಟ್ರೆ ಸಾಕು.

ಅಡಿಕೆ_ಗೊನೆ
ಹಬ್ಬದ ಮಾತು ಬಂತಲ್ಲ, ತೆನೆ ಎಲ್ಲಿಂದ ತರಿಸ್ತೀರಿ? ನಮ್ಮ ಕಡೆ ನಾಟಿ ಆಗೋದೇ ಜುಲೈ, ಆಗಸ್ಟಲ್ಲಿ. ಸೆಪ್ಟೆಂಬರ್ 8ಕ್ಕೆ ಗದ್ದೆಯಲ್ಲಿ ಬರೀ ಹಸಿರು ಗರಿ.

ಹಳೇ_ಬೆಂಚು
ಗಟ್ಟದ ಕೆಳಗಿಂದ ತರಿಸೋದೇ ವಾಡಿಕೆ. ಇಲ್ಲವಾದ್ರೆ ಬೇಗ ಬರೋ ತಳಿಯನ್ನ ಮೇ ಕೊನೆಗೆ ಚರ್ಚಿನ ಹಿತ್ತಲಲ್ಲಿ ನಾಲ್ಕು ಮಡಿ ಬಿತ್ತಬೇಕು. 90-100 ದಿನದ ತಳಿಯಾದ್ರೆ ಹಬ್ಬಕ್ಕೆ ತೆನೆ ಸಿಗುತ್ತೆ. ಮಳೆ ಜೋರಿದ್ದು ಹೂ ಬಿಡೋ ಹೊತ್ತಲ್ಲಿ ಬಿಸಿಲು ಕಾಣದಿದ್ರೆ ಜೊಳ್ಳಾಗುತ್ತೆ, ಆದ್ರಿಂದ ಕೆಳಗಿನವರಿಗೂ ಹೇಳಿಟ್ಟಿರಿ. ಮನೆಗೆ ಒಂದು ತೆನೆ, ಲೆಕ್ಕಕ್ಕೆ ಹತ್ತು ಹೆಚ್ಚು. ಆ ಹತ್ತು ಹೊಸಬರಿಗೆ. ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿ ಎಲ್ಲಾ ಒಟ್ಟಿಗೆ ತಗೊಳ್ಳೋದು, ಅವತ್ತು ಊಟ ಸಸ್ಯಾಹಾರ ಅಂತ ಅವರಿಗೆ ಹೇಳಿಕೊಡಿ. ಹೇಳದಿದ್ರೆ ತೆನೆಯನ್ನ ಏನು ಮಾಡ್ಬೇಕು ಅಂತ ತಿಳಿಯದೆ ಗೋಡೆಗೆ ಸಿಗಿಸಿ ಬಿಡ್ತಾರೆ.

ಭದ್ರೆಯ_ದಂಡೆ
ಅದೇ 8ನೇ ತಾರೀಕು ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾದಲ್ಲೂ ಜಾತ್ರೆ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ್ದೇ ಅದು. ಎಲ್ಲಾ ಧರ್ಮದ ಜನ ಬರ್ತಾರೆ. ಬಸ್ ಮಾಡಿಸೋ ಧರ್ಮಕೇಂದ್ರಗಳು ಒಂದಿಷ್ಟು ಸೀಟು ಹೊಸ ಕುಟುಂಬಗಳಿಗೆ ಅಂತ ಎತ್ತಿಡಲಿ. ಒಟ್ಟಿಗೆ ಪಯಣ ಮಾಡಿದವರು ಮುಂದಿನ ಭಾನುವಾರ ತಾವಾಗಿ ಮಾತಾಡ್ತಾರೆ.

ನೆಲದ_ಮಾತು
ಹಬ್ಬ, ಕಾಫಿ ಎಲ್ಲಾ ಒಳ್ಳೇದೇ. ಜಾತಿ ಬಗ್ಗೆ ಇಷ್ಟು ಹೊತ್ತಾದ್ರೂ ಒಬ್ಬರೂ ಬಾಯಿ ಬಿಟ್ಟಿಲ್ಲ. ದಲಿತ ಕ್ರೈಸ್ತ ಕುಟುಂಬ ಅಂತ ಗೊತ್ತಾದ ಕೂಡಲೇ ವಾರ್ಡಿನ ಪ್ರಾರ್ಥನೆ ಅವರ ಮನೆಗೆ ಹೋಗೋದು ತಪ್ಪುತ್ತೆ, ಅಥವಾ ಹೋದವರು ಅಲ್ಲಿ ನೀರು ಮುಟ್ಟಲ್ಲ. ಇದು ಯಾವ ಫಾರಂನಲ್ಲೂ ಕಾಣಲ್ಲ, ಅನುಭವಿಸೋರಿಗೆ ಮಾತ್ರ ಗೊತ್ತು.

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣ ನೀತಿ ಹೊರತಂದಿತು. ಜಾತಿ ತಾರತಮ್ಯ ಪಾಪ ಅಂತ ಅದು ಮುಚ್ಚುಮರೆ ಇಲ್ಲದೆ ಹೇಳುತ್ತೆ. ಅದನ್ನ ಪಾಲನಾ ಪರಿಷತ್ತಿನಲ್ಲಿ ಓದಿ, ಚರ್ಚೆ ಮಾಡಿ. ಇನ್ನೊಂದು ಕಡೆ, ಸಂವಿಧಾನದ ಪರಿಶಿಷ್ಟ ಜಾತಿಗಳ ಆದೇಶ 1950ರಲ್ಲಿ ಬಂದಾಗ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಇಲ್ಲ. ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಇವರು ಪರಿಶಿಷ್ಟರಲ್ಲ, ಚರ್ಚಿನ ಅಂಗಳದಲ್ಲಿ ಇವರನ್ನ ಪರಿಶಿಷ್ಟರು ಅಂತಲೇ ದೂರ ಇಡ್ತಾರೆ. ಎರಡೂ ಕಡೆಯಿಂದ ಪೆಟ್ಟು ತಿನ್ನೋ ಕುಟುಂಬಕ್ಕೆ ‘ನಮ್ಮದು’ ಅನ್ನೋ ಭಾವನೆ ಎಲ್ಲಿಂದ ಬರಬೇಕು?

ಮಾಡಬೇಕಾದ್ದು ಹೇಳ್ತೀನಿ. ವಾರ್ಡಿನ ಪ್ರಾರ್ಥನೆಯ ಸರದಿಯನ್ನ ವರ್ಷದ ಮೊದಲೇ ಬರೆದು ಅಂಟಿಸಿ, ಮನೆ ಸಾಲಿನ ಕ್ರಮದಲ್ಲಿ. ಯಾವ ಮನೆಯನ್ನೂ ಹಾರಿಸೋಕೆ ಆಗಬಾರದು. ಪಾಠ ಓದೋದು, ಕಾಣಿಕೆ ಎತ್ತೋದು, ಪೀಠಸೇವೆ, ಪಾದತೊಳೆಯೋ ಗುರುವಾರದ ಹನ್ನೆರಡು ಜನ, ಇವೆಲ್ಲ ಅದೇ ನಾಲ್ಕು ಮನೆಯವರಿಗೆ ಹೋಗ್ತಿದೆಯಾ ಅಂತ ಹಿಂದಿನ ಎರಡು ವರ್ಷದ ಪಟ್ಟಿ ತೆಗೆದು ನೋಡಿ. ಸಿಮಿತ್ರಿಯಲ್ಲಿ ಜಾಗ ಸಾಲು ಪ್ರಕಾರ ಕೊಡಿ, ಆಯ್ಕೆ ಇಲ್ಲ.

ಗಂಟೆಗೋಪುರ
@ನೆಲದ_ಮಾತು ಸರದಿ ಪಟ್ಟಿ ಬಹಳ ಒಳ್ಳೇ ಉಪಾಯ. ಒಂದು ಸೇರಿಸ್ತೀನಿ: ಪ್ರಾರ್ಥನೆ ಆದ ಮೇಲೆ ಆ ಮನೆಯವರು ಕೊಡೋ ಕಾಫಿ ಕುಡಿದೇ ಏಳಬೇಕು, ಗುರಿಕಾರರು ಮೊದಲು ಲೋಟ ತಗೋಬೇಕು.

ನೆಲದ_ಮಾತು
ಹೌದು. ಮೊದಲು ತಗೊಳ್ಳೋದು ಫಾದರ್ ಆದ್ರೆ ಇನ್ನೂ ಒಳ್ಳೇದು.

ಮಂಜಿನ_ಗುಡ್ಡ
ವಾರ್ಡಿನ ಅಳತೆಯನ್ನೂ ನೋಡಿ. ಪೇಟೆಯಲ್ಲಿ 25-30 ಮನೆಯ ವಾರ್ಡು ನಡೆಯುತ್ತೆ. ಹೊಸನಗರ, ತೀರ್ಥಹಳ್ಳಿ ಒಳಗಡೆ ಮನೆಯಿಂದ ಮನೆಗೆ ಎರಡು ಮೂರು ಕಿಲೋಮೀಟರ್, ಮಳೆಗಾಲದಲ್ಲಿ ಹಳ್ಳ ತುಂಬಿದ್ರೆ ದಾಟೋಕೂ ಆಗಲ್ಲ. ಅಲ್ಲಿ 8-10 ಮನೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರಾರ್ಥನೆ ಸಂಜೆ ಏಳಕ್ಕೆ ಬೇಡ, ಭಾನುವಾರ ಮಧ್ಯಾಹ್ನ ಇಡಿ. ಕತ್ತಲೆ, ಉಂಬಳ, ಕರೆಂಟ್ ಇಲ್ಲ ಅಂದ್ರೆ ಹೊಸಬರು ಹೇಗೆ ಬರ್ತಾರೆ?

ನೀಲಿ_ಕೊಡೆ
ಕ್ರೈಸ್ತರಲ್ಲದೆ ಹುಟ್ಟಿ, ಈಗ ಸೇರಬೇಕು ಅಂತ ಬರೋರ ದಾರಿ ಏನು? ಇವರೂ ಹಿಂದಿನ ಬೆಂಚಲ್ಲೇ ಕೂತಿರ್ತಾರೆ.

ಗಂಟೆಗೋಪುರ
ದೊಡ್ಡವರಿಗೆ ಇರೋ ಕ್ರಮ ನಾಲ್ಕು ಹಂತದ್ದು. ಮೊದಲು ವಿಚಾರಿಸೋ ಕಾಲ, ಇಲ್ಲಿ ಯಾವ ಬದ್ಧತೆಯೂ ಇಲ್ಲ, ಪ್ರಶ್ನೆ ಕೇಳೋದು ಅಷ್ಟೇ. ಆಮೇಲೆ ದೀಕ್ಷಾರ್ಥಿಯಾಗಿ ಸ್ವೀಕಾರ, ಅಲ್ಲಿಂದ ಬೋಧನೆ, ಒಂದು ವರ್ಷವೋ ಹೆಚ್ಚೋ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಮೊದಲ ಭಾನುವಾರ ಆಯ್ಕೆಯ ವಿಧಿ, ಮೂರು, ನಾಲ್ಕು, ಐದನೇ ಭಾನುವಾರ ಆತ್ಮಪರಿಶೋಧನೆಯ ವಿಧಿಗಳು. ಪಾಸ್ಕ (ಈಸ್ಟರ್) ಜಾಗರಣೆ ರಾತ್ರಿ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ. ಕೊನೇ ಹಂತ ಪಾಸ್ಕ ಕಾಲದ 50 ದಿನ, ಪಂಚಾಶತ್ತಮ (ಪೆಂತೆಕೋಸ್ತ್) ಹಬ್ಬದವರೆಗೆ. ನಮ್ಮವರು ಕೈಬಿಡೋದು ಸರಿಯಾಗಿ ಈ ಕೊನೇ ಹಂತದಲ್ಲೇ. ಜಾಗರಣೆ ರಾತ್ರಿ ಹಾರ, ಫೋಟೋ, ಮಾರನೇ ವಾರದಿಂದ ಯಾರೂ ಕೇಳಲ್ಲ. ಜ್ಞಾನ ತಂದೆ, ಜ್ಞಾನ ತಾಯಿ ಅಂತ ನಿಂತವರ ಕೆಲಸ ಶುರು ಆಗೋದೇ ಆಗ. ಅವರು 16 ತುಂಬಿ, ದೃಢೀಕರಣ ಆದ ಕಥೋಲಿಕರಾಗಿರಬೇಕು. ಅದೇ ವಾರ್ಡಿನವರನ್ನ ಆರಿಸಿ. ಊರಾಚೆಯ ಗಣ್ಯರು ಬೇಡ.

ಸಿ.ಎಸ್.ಐ.ನಿಂದ ಬರೋರಿಗೆ ಮತ್ತೆ ಜ್ಞಾನಸ್ನಾನ ಇಲ್ಲ. ನೀರು, ತ್ರಿತ್ವದ ಹೆಸರು ಎರಡೂ ಇದ್ದ ಸ್ನಾನ ಸಿಂಧು. ವಿಶ್ವಾಸ ಪ್ರಕಟಣೆ ಮಾಡಿಸಿ ಪೂರ್ಣ ಐಕ್ಯಕ್ಕೆ ಸ್ವೀಕರಿಸ್ತಾರೆ.

ಅಡಿಕೆ_ಗೊನೆ
ಕಾನೂನಿನ ಕಡೆಯೂ ನೋಡಿ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಪ್ರಕಾರ ಮತಾಂತರ ಆಗೋರು 60 ದಿನ ಮುಂಚೆ, ವಿಧಿ ನಡೆಸೋರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು. ಅದನ್ನ ಹಿಂಪಡೆಯೋಕೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗಲ್ಲ, ಸದನದಲ್ಲಿ ರದ್ದಾಗಬೇಕು. ಆದ್ರಿಂದ ಪ್ರತಿ ಪ್ರಕರಣಕ್ಕೂ ಆ ದಿನದ ಸ್ಥಿತಿಯನ್ನ ವಕೀಲರಿಂದ ಬರಹದಲ್ಲಿ ತಗೊಂಡೇ ಮುಂದುವರಿಯಿರಿ. ಪಾಸ್ಕ ದಿನಾಂಕದಿಂದ ಹಿಂದಕ್ಕೆ ಎಣಿಸಿದ್ರೆ ತಪಸ್ಸುಕಾಲ ಶುರುವಾಗೋ ಮೊದಲೇ ಈ ಕೆಲಸ ಆಗಬೇಕು.

ನೀಲಿ_ಕೊಡೆ
ಧನ್ಯವಾದ. ಇನ್ನೊಂದು: ವಿಚ್ಛೇದನ ಆದವರು ಪರಮಪ್ರಸಾದಕ್ಕೆ ಬರಬಾರದು ಅಂತ ಎಷ್ಟೋ ಹೆಂಗಸರು ಬೆಂಚಲ್ಲೇ ಕೂತಿರ್ತಾರೆ. ಇದು ನಿಜಾನಾ?

ಭದ್ರೆಯ_ದಂಡೆ
ತಪ್ಪು ತಿಳಿವಳಿಕೆ. ಕೋರ್ಟಿನಲ್ಲಿ ವಿಚ್ಛೇದನ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಪರಮಪ್ರಸಾದಕ್ಕೆ ತಡೆ ಇಲ್ಲ. ಮೊದಲ ಮದುವೆ ಅಸಿಂಧು ಅಂತ ತೀರ್ಪು ಸಿಗದೆ ಇನ್ನೊಂದು ಮದುವೆ ಆದಾಗ ಪ್ರಶ್ನೆ ಬರೋದು, ಅದನ್ನ ಫಾದರ್ ಹತ್ರ ಏಕಾಂತದಲ್ಲೇ ಮಾತಾಡಬೇಕು. ಅಸಿಂಧುತ್ವದ ಅರ್ಜಿ ಧರ್ಮಕ್ಷೇತ್ರದ ನ್ಯಾಯಾಲಯಕ್ಕೆ. ಮೊದಲು ಎರಡು ಕಡೆ ಒಂದೇ ತೀರ್ಪು ಬರಬೇಕಿತ್ತು. ಪೋಪ್ ಫ್ರಾನ್ಸಿಸ್ 2015ರಲ್ಲಿ ಮಾಡಿದ ಬದಲಾವಣೆ ಆದ ಮೇಲೆ, ಯಾರೂ ಮೇಲ್ಮನವಿ ಹೋಗದಿದ್ರೆ ಒಂದೇ ತೀರ್ಪು ಸಾಕು.

ಹಾಗೇ, ಮದುವೆಯಾಗದ ತಾಯಿಯ ಮಗುವಿಗೆ ಜ್ಞಾನಸ್ನಾನ ಇಲ್ಲ ಅನ್ನೋರೂ ಇದ್ದಾರೆ. ಅದೂ ತಪ್ಪು. ರಿಜಿಸ್ಟರಿನಲ್ಲಿ ತಾಯಿಯ ಹೆಸರು ಬರೆಯೋದು ಹೇಗೆ ಅಂತ 877ನೇ ವಿಧಿಯಲ್ಲೇ ಇದೆ. ಮಗುವನ್ನ ವಿಶ್ವಾಸದಲ್ಲಿ ಬೆಳೆಸೋ ಭರವಸೆ ಇದ್ರೆ ಆಯ್ತು.

ಸಾಗರದ_ಸೊಸೆ
ಇದನ್ನ ಪ್ರಬೋಧನೆಯಲ್ಲಿ ಒಮ್ಮೆ ಹೇಳಿದ್ರೆ ಎಷ್ಟು ಜನ ಅಳು ನಿಲ್ಲಿಸ್ತಾರೆ.

ಹಳೇ_ಬೆಂಚು
ವಯಸ್ಸಾದವರನ್ನೂ ಮರೀಬೇಡಿ. ಹೊಸಬರಷ್ಟೇ ಅಲ್ಲ, ಹಳಬರೂ ಹೊರಗೆ ಬೀಳ್ತಾರೆ. ಮೆಟ್ಟಿಲು ಹತ್ತೋಕೆ ಆಗಲ್ಲ, ಶೀಟಿನ ಮಾಡಿನ ಮೇಲೆ ಮಳೆ ಬಡಿದ್ರೆ ಒಂದಕ್ಷರ ಕೇಳಲ್ಲ.

ಮಂಜಿನ_ಗುಡ್ಡ
ಇಳಿಜಾರಿಗೆ ಲೆಕ್ಕ 1:12. ಆರು ಇಂಚಿನ ಮೂರು ಮೆಟ್ಟಿಲು ಅಂದ್ರೆ 18 ಇಂಚು ಎತ್ತರ, ಇಳಿಜಾರು 18 ಅಡಿ ಉದ್ದ ಬೇಕು. ಜಾಗ ಇಲ್ಲ ಅಂತ 8 ಅಡಿಗೆ ಮುಗಿಸಿದ್ರೆ ಗಾಲಿಕುರ್ಚಿ ಹಿಂದಕ್ಕೆ ಮಗಚುತ್ತೆ. ಎರಡೂ ಬದಿ ಕಂಬಿ ಹಾಕಿ. ನುಣುಪು ಟೈಲ್ಸ್ ಖಂಡಿತ ಬೇಡ, ಸಿಮೆಂಟಿಗೆ ಕಸಬರಿಕೆ ಗೀರು ಎಳೀರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜದಿದ್ರೆ ಪಾಚಿ.

ಸದ್ದಿಗೆ: ಮುಂದೆ ಎರಡು ದೊಡ್ಡ ಸ್ಪೀಕರ್ ಜೋರಾಗಿ ಇಡೋದಕ್ಕಿಂತ ಕಂಬಕ್ಕೊಂದು ಸಣ್ಣದು, ಕಡಿಮೆ ಸದ್ದಿಗೆ. ಪೀಠದ ಹತ್ತಿರದವರಿಗೆ ಕಿವಿ ನೋಯಲ್ಲ, ಹಿಂದಿನ ಬೆಂಚಿಗೆ ಅಕ್ಷರ ಸ್ಪಷ್ಟ ಕೇಳುತ್ತೆ.

ಭಾನುವಾರದ_ಗಂಟೆ
ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದಂಥ ದೊಡ್ಡ ಕಟ್ಟಡದಲ್ಲಿ ಇನ್ನೊಂದು ಕಷ್ಟ, ಅಷ್ಟು ಜನರಲ್ಲಿ ಹೊಸಬರು ಯಾರು ಅಂತ ಗೊತ್ತೇ ಆಗಲ್ಲ. ಅಂಥ ಕಡೆ ಬಾಗಿಲಿಗೆ ಇಬ್ಬರಂತೆ ನಿಲ್ಲಿಸಿ, ಆರು ತಿಂಗಳು ಅದೇ ಬಾಗಿಲು. ವಾರವಾರ ಬದಲಾದ್ರೆ ಮುಖ ಪರಿಚಯ ಆಗಲ್ಲ.

ತುಂಗಾತೀರ
ಎಲ್ಲವನ್ನೂ ಬರ್ಕೊಂಡಿದ್ದೀನಿ. ಕ್ರಮ ಹೀಗಾಗ್ತಿದೆ: ಮೊದಲ ದಿನ ಹೆಸರು, ಫೋನ್. ಎರಡು ವಾರದೊಳಗೆ ಮನೆ ಭೇಟಿ, ಫಾರಂ. ಮೊದಲ ತಿಂಗಳೊಳಗೆ ವಾರ್ಡಿನ ಸರದಿ ಪಟ್ಟಿಗೆ ಅವರ ಮನೆ. ಮೂರು ತಿಂಗಳೊಳಗೆ ಒಂದು ಕೆಲಸ ಅವರ ಕೈಗೆ. ಏನು ಕೆಲಸ ಕೊಡಬೇಕು ಅನ್ನೋದೇ ಉಳಿದಿರೋ ಪ್ರಶ್ನೆ.

ಅಡಿಕೆ_ಗೊನೆ
ಬೆಂಚು ಒರೆಸೋದನ್ನೇ ಮೊದಲು ಕೊಡಬೇಡಿ ಮಾರಾಯ್ರೆ. ಅವರು ಏನು ಬಲ್ಲರು ಅಂತ ಮನೆ ಭೇಟಿಯಲ್ಲೇ ಕೇಳಿ. ಎಲೆಕ್ಟ್ರಿಷಿಯನ್ ಆದ್ರೆ ಕ್ರಿಸ್ಮಸ್ ಗೋದಲಿಯ ದೀಪ, ನರ್ಸ್ ಆದ್ರೆ ತಿಂಗಳಿಗೊಮ್ಮೆ ಬಿ.ಪಿ. ನೋಡೋದು, ಲೆಕ್ಕ ಬಲ್ಲವರಾದ್ರೆ ಬಡವರಿಗೆ ನೆರವಾಗೋ ವಿನ್ಸೆಂಟ್ ದಿ ಪಾವ್ಲ್ ಸಭೆಯ ಲೆಕ್ಕದ ಪುಸ್ತಕ. ಕೆಲಸಕ್ಕೆ ಕೊನೇ ದಿನಾಂಕ ಇರಲಿ, ಜೊತೆಗೆ ಹಳಬರೊಬ್ಬರು ಇರಲಿ.

ನೆಲದ_ಮಾತು
ಮತ್ತು ನಿರ್ಧಾರ ಮಾಡೋ ಜಾಗದಲ್ಲೂ ಕೂರಿಸಿ. ಪರಿಷತ್ತಿನಲ್ಲಿ ಒಂದು ಸ್ಥಾನ ಐದು ವರ್ಷದೊಳಗೆ ಬಂದವರಿಗೆ, ಒಂದು ತೋಟದ ಲೈನಿನವರಿಗೆ.

ಹಳೇ_ಬೆಂಚು
ಪರಿಷತ್ತಿನ ನಿಯಮಾವಳಿ ಧರ್ಮಾಧ್ಯಕ್ಷರು ಕೊಟ್ಟಿದ್ದು, ನಾವೇ ಸ್ಥಾನ ಹೆಚ್ಚಿಸೋಕೆ ಆಗಲ್ಲ.

ಗಂಟೆಗೋಪುರ
ನಿಜ. ಆದ್ರೆ ಫಾದರ್ ನಾಮಕರಣ ಮಾಡೋ ಸ್ಥಾನಗಳು ಬಹುತೇಕ ನಿಯಮಾವಳಿಗಳಲ್ಲಿ ಇರ್ತವೆ. ಅವನ್ನೇ ಇದಕ್ಕೆ ಬಳಸಿ ಅಂತ ಫಾದರ್ ಹತ್ರ ಕೇಳಬಹುದು.

ಹಳೇ_ಬೆಂಚು
ಅದಾದ್ರೆ ನನ್ನ ಒಪ್ಪಿಗೆ ಇದೆ.

ಕೊಪ್ಪದ_ಕಾಫಿ
@ತುಂಗಾತೀರ ಫಾರಂ ಅಚ್ಚಿಗೆ ಕೊಡೋ ಮೊದಲು ಒಂದು ಕಾಲಂ: ತುರ್ತಿಗೆ ಇಲ್ಲಿ ಯಾರಿಗೆ ಫೋನ್ ಮಾಡ್ಬೇಕು? ಒಂಟಿಯಾಗಿ ಬಂದವರು ಅದನ್ನ ಖಾಲಿ ಬಿಟ್ರೆ ಗುರಿಕಾರರು ತಮ್ಮ ನಂಬರನ್ನೇ ಬರೀಲಿ.

ತುಂಗಾತೀರ
ಸೇರಿಸಿದೆ. ಭಾನುವಾರದ ಸಭೆಗೆ ಕರಡು ಇಡ್ತೀನಿ, ಫಾದರ್ ಏನು ಹೇಳ್ತಾರೆ ನೋಡಿ ಇಲ್ಲೇ ಬರೀತೀನಿ.